ಹೇಳಿದ್ದನ್ನು ಹೇಳಿದಂತೆ

ನಾಸಿಕ್‌ನಿಂದ ಹೊರಟ ಜೀಪು ಯೇವಲಾ ದಾಟಿದ ಮೇಲೆ ಹಿಂದಿನ ಸೀಟಿನಿಂದ ಇಲಾಖೆಯ ಅಧಿಕಾರಿ ಅನುರಾಧಾ ಮೇಡಂ ಕೇಳಿದ ಪ್ರಶ್ನೆಗೆ ಶಿವಕಾಂತ ಉತ್ತರವನ್ನು ತೂಗಿ ನೋಡಿದ. ಈ ಧರ್ಮಣ್ಣ ಎಂಬ ಕಾನ್‌ಸ್ಟೇಬಲ್ ನಿಮಗೆ ಚೆನ್ನಾಗಿ ಗೊತ್ತೇ ಎಂದು ಅವರು ಮರಾಠಿಯಲ್ಲಿ, ದಾರಿ ಸವೆಸಲು ಯಾರಾದರೂ ಕೇಳುವಂತೆ, ಸುಮ್ಮನೆ ಕೇಳಿದ್ದರು. ಹೌದು ಎಂದರೆ ಹೇಗೆ ಎಂದು ಕೇಳುತ್ತಾರೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದೇ ಠಾಣೆಯಲ್ಲಿ ಎಂಟು ತಿಂಗಳು ಇದ್ದೆವು, ಅಷ್ಟೇ ಎಂದ. ಆ 'ಅಷ್ಟೇ'ಯನ್ನು ಯಾಕೆ ಸೇರಿಸಿದೆನೆಂದು ಅವನಿಗೇ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು ಎಂದುಕೊಂಡು ಕಿಟಕಿಯ ಹೊರಗೆ ನೋಡಿದ. ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ತೊಡೆಯ ಮೇಲೆ ಹಳದಿ ಪಟ್ಟಿಯ ಫೈಲು. ಕಳೆದ ವರ್ಷ ಇಲಾಖೆಗೆ ಹೊಸ ಪದ್ಧತಿ ಬಂದಿತ್ತು. ತಪ್ಪು ಮಾಡಿದ ಪೊಲೀಸನನ್ನು ಹಿಡಿಯುವುದಲ್ಲ, ಮುಂದೆ ಮಾಡಲಿರುವವನನ್ನು ಇಂದೇ ಗುರುತಿಸಿ ತಡೆಯುವುದು. ಬಂದ ದೂರುಗಳು, ಹಾಕಿದ ರಜೆಗಳು, ಕೇಳಿದ ವರ್ಗಾವಣೆಗಳು, ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟರೆ ಅದು ಒಬ್ಬೊಬ್ಬನಿಗೂ ಅಪಾಯದ ಅಂಕ ಹಾಕಿ ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಚ್ಚುತ್ತದೆ. ಹಳದಿ ಬಂದವನ ಮನೆಗೆ ಹೋಗಿ ಮನೆಯವರನ್ನು ಮಾತಾಡಿಸಿ ಬರಬೇಕು. ಅದರ ಮೇಲೆ ಅವನು ಹಸಿರಿಗೆ ಮರಳುತ್ತಾನೆ ಇಲ್ಲವೇ ಕೆಂಪಿಗೆ ಇಳಿಯುತ್ತಾನೆ. ಕೆಂಪಾದವನಿಗೆ ಠಾಣೆಯಿಲ್ಲ, ಲಾಠಿಯಿಲ್ಲ, ಬಡ್ತಿಯಿಲ್ಲ. ಧರ್ಮಣ್ಣನ ಮೇಲೆ ಮೂರು ದೂರುಗಳಿದ್ದವು. ಮೂರನ್ನೂ ಬರೆದವನು ರಸ್ತೆಗೆ ಅಂಗಡಿ ಚಾಚಿಕೊಂಡಿದ್ದಕ್ಕೆ ಅವನಿಂದ ಕೇಸು ಹಾಕಿಸಿಕೊಂಡ ಒಬ್ಬನೇ ವ್ಯಾಪಾರಿ ಎಂಬುದು ಶಿವಕಾಂತನಿಗೆ ಗೊತ್ತಿತ್ತು, ಕಂಪ್ಯೂಟರಿಗೆ ಗೊತ್ತಿರಲಿಲ್ಲ. ತಾಯಿಗೆ ಎದೆನೋವೆಂದು ಹಾಕಿದ ರಜೆ ಮೂವತ್ತೆಂಟು ದಿನ. ತಾಯಿಯಿರುವ ಊರಿಗೆ ಬದಲಿ ಕೇಳಿದ ಅರ್ಜಿ ಎರಡು. ಶಿವಕಾಂತನದು ಹಸಿರು. ಅವನ ಅಂಕ ಮೂರು, ಇಡೀ ಕಚೇರಿಯಲ್ಲಿ ಎಲ್ಲರಿಗಿಂತ ಕಡಿಮೆ. ಆ ಪಟ್ಟಿ ಬಂದ ದಿನ ಮೇಡಂ ಎಲ್ಲರೆದುರು ಅವನನ್ನು ಹೊಗಳಿದ್ದರು, ಅವನು ತಲೆ ತಗ್ಗಿಸಿದ್ದನ್ನು ವಿನಯವೆಂದು ತಿಳಿದಿದ್ದರು.

ಕಂಪ್ಯೂಟರು ಬರೆದಿಟ್ಟದ್ದನ್ನು ಮಾತ್ರ ಎಣಿಸುತ್ತದೆ. ರೇವಣಪ್ಪನೆಂಬ ಮುದುಕನ ಕೆನ್ನೆಯ ಮೇಲೆ ಬಿದ್ದ ಏಟನ್ನು ಎಲ್ಲೂ ಬರೆದಿರಲಿಲ್ಲ. ನಾಸಿಕ್‌ನ ಸಾತಪುರದ ಕಾರ್ಖಾನೆಯೊಂದರ ಹಿಂದೆ ಕಟ್ಟುತ್ತಿದ್ದ ಕಟ್ಟಡದ ಕಾವಲುಗಾರ, ಗುತ್ತಿಗೆದಾರನ ಕಡೆಯವರು ತನ್ನ ಪಾತ್ರೆಪಗಡ ರಸ್ತೆಗೆ ಎಸೆದರೆಂದು ದೂರು ಕೊಡಲು ಠಾಣೆಗೆ ಬಂದಿದ್ದ. ಎರಡು ವರ್ಷದ ಹಿಂದಿನ ಮಾತು. ಆಗ ಶಿವಕಾಂತ ಅಲ್ಲಿ ಹವಾಲ್ದಾರ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ತನ್ನನ್ನು ಲಾತೂರ ಕಡೆಯವನೆಂದೇ ಹೇಳಿಕೊಂಡು ಬಂದಿದ್ದ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಫೋನಿನಲ್ಲಿ ಹೆಂಡತಿ ವಿಜಯಶ್ರೀ ಕನ್ನಡದಲ್ಲಿ ಮಾತು ತೆಗೆದರೆ ಎದ್ದು ಹೊರಗೆ ಹೋಗುತ್ತಿದ್ದ. ಮಗಳು ವೈಷ್ಣವಿಯಂತೂ ಕನ್ನಡದ ಪ್ರಶ್ನೆಗೆ ಮರಾಠಿಯಲ್ಲೇ ಉತ್ತರ ಕೊಡುತ್ತಾಳೆ, ಅದಕ್ಕೆ ಅವನಿಗೆ ಒಳಗೊಳಗೇ ಸಮಾಧಾನವಿತ್ತು. ಕಾನಡಿ, ಅಂದರೆ ಕನ್ನಡದವರು, ಇಲ್ಲಿ ಯಾರು? ಗಾರೆ ಕಲೆಸುವವರು, ಇಟ್ಟಿಗೆ ಹೊರುವವರು. ಇನ್‌ಸ್ಪೆಕ್ಟರು, ಇನ್ನಿಬ್ಬರು ಕುಳಿತು ಚಹಾ ಕುಡಿಯುತ್ತಿದ್ದಾಗ ಆ ಮುದುಕ ಶಿವಕಾಂತನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕು, "ಯಪ್ಪಾ, ನೀ ಭಾಲ್ಕಿ ಸಾವಕಾರ್ರ ಮಗ ಅಲ್ಲೇನು? ನಿಮ್ಮ ದುಕಾನದಾಗ ನಾ ಚೀಲ ಹೊತ್ತೀನಿ. ನೀ ನಮ್ಮವ ಇದ್ದಿ ಬಿಡು" ಎಂದ. ಶಿವಕಾಂತ ಮರಾಠಿಯಲ್ಲಿ ಏನು ಬೇಕೆಂದು ಕೇಳಿದ. ಮುದುಕ ಕನ್ನಡ ಬಿಡಲಿಲ್ಲ. ಇನ್‌ಸ್ಪೆಕ್ಟರು ನಗುತ್ತ, ನಿಮ್ಮ ನೆಂಟರು ಬಂದಿದ್ದಾರೆ, ಕುರ್ಚಿ ಕೊಡಿ ಎಂದರು. ಉಳಿದವರೂ ನಕ್ಕರು. ಕೈ ಎದ್ದದ್ದು ಅವನಿಗೆ ನೆನಪಿಲ್ಲ, ಸದ್ದು ನೆನಪಿದೆ. ರುಮಾಲು ಬಿಚ್ಚಿ ನೆಲಕ್ಕೆ ಬಿತ್ತು. ಅದನ್ನೆತ್ತಿ ಧೂಳು ಕೊಡವಿ ಮುದುಕನ ಕೈಗಿಟ್ಟವನು ಧರ್ಮಣ್ಣ. ಠಾಣೆಗೆ ಬಂದು ಒಂದು ವಾರವಾಗಿತ್ತಷ್ಟೇ. ಮುದುಕನಿಗೆ ನೀರು ಕೊಟ್ಟ, ಬೆಂಚಿನ ಮೇಲೆ ಕೂರಿಸಿದ, ಅವನು ಹೇಳಿದ ದೂರನ್ನು ಕನ್ನಡದಲ್ಲಿ ಕೇಳಿಕೊಂಡು ಮರಾಠಿಯಲ್ಲಿ ಬರೆದ. ಎಲ್ಲರೆದುರು ಕನ್ನಡ ಮಾತಾಡಲು ಅವನಿಗೆ ಏನೂ ಅನ್ನಿಸಲಿಲ್ಲ. ನಡುವೆ ಒಮ್ಮೆ ಶಿವಕಾಂತನ ಕಡೆ ನೋಡಿದ. ಸಿಟ್ಟಿನಿಂದ ನೋಡಿದ್ದರೆ ಚೆನ್ನಾಗಿತ್ತು. ರಸ್ತೆಯಲ್ಲಿ ಕಾಲು ಜಾರಿ ಬಿದ್ದವನನ್ನು, ಪೆಟ್ಟಾಯಿತೇ ಎಂದು ನೋಡುತ್ತಾರಲ್ಲ, ಹಾಗೆ ನೋಡಿದ. ಮರುದಿನ ಒಬ್ಬನೇ ಸಿಕ್ಕಾಗ, ಚಿಕ್ಕಪ್ಪನನ್ನು ಕರೆಯುವಂತೆ, 'ಕಾಕಾ' ಎಂದು ಕರೆದ. ಆಮೇಲಿನ ಎಂಟು ತಿಂಗಳೂ ದಿನಾ ಬೆಳಿಗ್ಗೆ, ನಮಸ್ಕಾರ್ರಿ ಕಾಕಾ. ಯಾರಿಗೂ ಆ ಸಂಗತಿ ಹೇಳಲಿಲ್ಲ, ಅದರ ನೆನಪಿದೆಯೆಂದು ಕೂಡ ತೋರಿಸಲಿಲ್ಲ. ಶಿವಕಾಂತ ತಾನಾಗಿ ಕೇಳಿಕೊಂಡು ಆ ಠಾಣೆ ಬಿಟ್ಟು ಕಚೇರಿಯ ಮೇಜಿಗೆ ಬಂದ.

ವೈಜಾಪುರದಲ್ಲಿ ಚಹಾಕ್ಕೆ ನಿಂತಾಗ ಮೇಡಂ ನಮೂನೆಯ ಹಾಳೆಗಳನ್ನು ತೆಗೆದು ನಿಯಮಗಳನ್ನು ಇನ್ನೊಮ್ಮೆ ಓದಿ ಹೇಳಿದರು. ಅವರು ಒಳ್ಳೆಯ ಹೆಣ್ಣುಮಗಳು, ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದವರು, ಪೊಲೀಸರ ಹೆಂಡತಿ ಮಕ್ಕಳ ಬಗ್ಗೆ ನಿಜವಾದ ಕಳಕಳಿ ಇದ್ದವರು. ಭೇಟಿಯ ವೇಳೆ ನೌಕರ ಮನೆಯಲ್ಲಿರಬಾರದು. ಯಾಕೆ ಬಂದಿದ್ದೇವೆಂದು ಮನೆಯವರಿಗೆ ಬಿಡಿಸಿ ಹೇಳಬಾರದು, ಹೇಳಿದರೆ ಬಣ್ಣ ಕಟ್ಟಿ ಮಾತಾಡುತ್ತಾರೆ. ಅನುವಾದ ಮಾಡುವವನು ಹೇಳಿದ್ದನ್ನು ಹೇಳಿದಂತೆ ಹೇಳಬೇಕು, ತನ್ನದೊಂದು ಮಾತು ಸೇರಿಸಬಾರದು. ಇದು ಮುಖ್ಯ, ಶಿವಕಾಂತರಾವ್, ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಎಂದರು. ಇಲಾಖೆಯಲ್ಲಿ ಕನ್ನಡ ಬಲ್ಲವರು ಯಾರೆಂದು ಸುತ್ತೋಲೆ ಬಂದಾಗ ಅವನು ಸುಮ್ಮನಿದ್ದ. ಅವನ ಹೆಸರು ಸೂಚಿಸಿದವನು ಧರ್ಮಣ್ಣನೇ. ನಮ್ಮ ಕಾಕಾ ಬಂದರೆ ಅವ್ವ ಧೈರ್ಯವಾಗಿ ಮಾತಾಡುತ್ತಾಳೆ ಎಂದು ಬರೆದುಕೊಟ್ಟಿದ್ದ. ಹಾಗೆ ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದು ಒಂದು ಸರಕಾರಿ ಕಾಗದದ ಮೇಲೆ ಎಲ್ಲರ ಮೇಜಿಗೂ ಹೋಗಿ ಬಂತು. ಕಚೇರಿಯಲ್ಲಿ ಈಗ ಅವನನ್ನು, ದಕ್ಷಿಣದವರನ್ನೆಲ್ಲ ಕರೆಯುವಂತೆ, 'ಅಣ್ಣಾ' ಎಂದು ಕರೆದು ನಗುತ್ತಾರೆ. ಹುಡುಗ ಒಳ್ಳೆಯದಕ್ಕೇ ಮಾಡಿದ್ದ. ಅವನು ಮಾಡಿದ್ದೆಲ್ಲ ಒಳ್ಳೆಯದಕ್ಕೇ, ಅದೇ ಶಿವಕಾಂತನ ಗಂಟಲಲ್ಲಿ ಮುಳ್ಳಾಗಿ ನಿಂತದ್ದು.

ಧರ್ಮಣ್ಣನ ತಾಯಿ ಚನಬಸವ್ವನ ಮನೆ ಸಂಭಾಜಿನಗರದ ಹೊರವಲಯದಲ್ಲಿ, ಅರ್ಧ ಎದ್ದು ನಿಂತ ಕಟ್ಟಡದ ಪಕ್ಕದ ತಗಡಿನ ಕೋಣೆ. ಮಗ ನಾಸಿಕ್‌ಗೆ ಬಾ ಎಂದರೂ ಬಂದಿರಲಿಲ್ಲವಂತೆ, ತಮ್ಮೂರು ಸೇಡಂ ಕಡೆಯ ನಾಲ್ಕು ಮನೆಯವರು ಇಲ್ಲೇ ಇದ್ದಾರೆಂದು. ಅಂಗಳ ಸಾರಿಸಿದ್ದಳು. ನೆರೆಯವರಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ್ದಳು. ಗಂಟಿನಿಂದ ಆಗಷ್ಟೇ ತೆಗೆದ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಸೆರಗು ಹೊದ್ದು ನಿಂತಿದ್ದಳು. ಶಿವಕಾಂತ ಕನ್ನಡದಲ್ಲಿ ಶರಣು ಎಂದಾಗ ಅವಳ ಮುಖವೆಲ್ಲ ಬಿಚ್ಚಿಕೊಂಡಿತು. ಚಹಾ ಸೋಸುತ್ತ ಅವನ ಕಿವಿಯ ಹತ್ತಿರ ಬಾಗಿ, ಮಗ ಫೋನ್ ಮಾಡಿದ್ದ, ಸಾಹೇಬರು ಬರ್ತಾರೆ, ಕೇಳಿದ್ದಕ್ಕೆ ಹೇಳು ಅಂದ, ಬಡ್ತಿಗಲ್ಲವೇ ಎಂದು ಪಿಸುಗುಟ್ಟಿದಳು. ಶಿವಕಾಂತ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ನಿಯಮವಿತ್ತು. ಆ ಕ್ಷಣವೇ ಅವನಿಗೆ ಎಲ್ಲವೂ ಕಂಡಿತು. ಇಪ್ಪತ್ತು ವರ್ಷ ಒಂದೊಂದು ಕಟ್ಟಡದ ಬುಡದಲ್ಲಿ ಒಲೆ ಹೂಡಿದ ಈ ಹೆಂಗಸು ಕಂಡ ಪೊಲೀಸರೆಲ್ಲ ಒಲೆ ಒದ್ದವರು, ಗಂಡನ ಕೊರಳಪಟ್ಟಿ ಹಿಡಿದವರು, ದುಡ್ಡು ಕೊಡದೆ ಕೋಳಿ ಒಯ್ದವರು. ಪೊಲೀಸ್ ಎಂದರೆ ಅದೇ. ಒಳ್ಳೆಯ ಪೊಲೀಸ್ ಎಂದರೆ ಅದನ್ನೇ ಇನ್ನಷ್ಟು ಚೆನ್ನಾಗಿ ಮಾಡುವವನು. ದೊಡ್ಡ ಸಾಹೇಬರು ಇಷ್ಟು ದೂರ ಬಂದು ಕೇಳುತ್ತಿರುವುದು ತನ್ನ ಮಗನ ಕೈಯಲ್ಲಿ ಆ ಶಕ್ತಿ ಇದೆಯೇ ಎಂದು. ಅವಳು ಏನು ಹೇಳಲಿದ್ದಾಳೆಂದು ಅವಳು ಬಾಯಿ ತೆರೆಯುವ ಮೊದಲೇ ಅವನಿಗೆ ಗೊತ್ತಾಯಿತು, ಕುರ್ಚಿಯನ್ನು ಅವಳ ಕಡೆಗೆ ಸರಿಸಿಕೊಂಡ.

ನಿಮ್ಮ ಮಗನಿಗೆ ಸಿಟ್ಟು ಬರುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಅವನು ಅದನ್ನು ಕನ್ನಡದಲ್ಲಿ ಕೇಳಿದ. ಚನಬಸವ್ವ ಬೆನ್ನು ನೆಟ್ಟಗೆ ಮಾಡಿ ಕುಳಿತಳು. "ಬರ್ತದ್ರಿ, ಯಾಕ ಬರಂಗಿಲ್ಲ? ಹುಲಿ ಇದ್ದಂಗ ಅದಾನ್ರಿ ನನ್ನ ಮಗ. ಖಾಕಿ ಹಾಕ್ಕೊಂಡು ಓಣ್ಯಾಗ ನಿಂತ್ನಂದ್ರ ಮಂದಿ ಬಾಗಲಾ ಹಾಕ್ಕೋತಾರ." ಶಿವಕಾಂತ ಮರಾಠಿಗೆ ತಂದ. ಹುಲಿ, ಓಣಿ, ಬಾಗಿಲು, ಒಂದನ್ನೂ ಬಿಡಲಿಲ್ಲ. ಜನರ ಮೇಲೆ ಕೈ ಮಾಡುತ್ತಾನೆಯೇ? "ಹೊಡಿತಾನ್ರಿ. ಹೊಡಿಲಾರದವ ಪೊಲೀಸ ಆಗ್ತಾನೇನ್ರಿ? ಒಮ್ಮಿ ಹೊಡದ್ರ ಎರಡನೇದ್ದು ಬೇಕಾಗಂಗಿಲ್ಲ." ಕೈದಿಯ ಮೇಲೆ ಕೈಯೆತ್ತಲು ಒಪ್ಪದೆ ಇನ್‌ಸ್ಪೆಕ್ಟರಿಂದ ಹೆಂಗಸು ಎಂದು ಬೈಸಿಕೊಂಡವನು ಧರ್ಮಣ್ಣ. ಶಿವಕಾಂತ ಮೂರಡಿ ದೂರದಲ್ಲಿ ನಿಂತು ಅದನ್ನು ಕೇಳಿದ್ದ. ಮರಾಠಿಯಲ್ಲಿ ಹೇಳಿದ: ಹೊಡೆಯುತ್ತಾನೆ, ಹೊಡೆಯದವನು ಪೊಲೀಸನಲ್ಲ, ಒಂದೇ ಏಟು ಸಾಕು. ಮೇಡಂ ಬರೆದುಕೊಂಡರು. ಅಂಗಡಿಯವರ ಜೊತೆ ಹೇಗಿರುತ್ತಾನೆ? ಚನಬಸವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು, ಸುಳ್ಳು ಹೇಳುವವರಿಗೆ ಬರುವ ನಾಚಿಕೆ ಅವಳ ಕಣ್ಣಲ್ಲಿ ಒಮ್ಮೆ ಬಂದು ಹೋಯಿತು. ಕೈ ಮಾಡಿ ತೋರಿಸಿದರೆ ಸಾಕು, ಸಾಮಾನು ಮನೆಗೆ ಬರುತ್ತದೆ, ದುಡ್ಡು ಕೇಳುವ ಧೈರ್ಯ ಯಾರಿಗಿದೆ ಎಂದಳು. ಠಾಣೆಯ ಎದುರಿನ ಗೂಡಂಗಡಿಯಲ್ಲಿ ಕುಡಿದ ಚಹಾಕ್ಕೆ ದಿನವೂ ದುಡ್ಡು ಕೊಟ್ಟು, ಬಂದರು ನೋಡಿ ಮಹಾರಾಜರು ಎಂದು ಎಲ್ಲರಿಂದ ನಗಿಸಿಕೊಂಡವನ ತಾಯಿ. ಅವಳ ನಾಚಿಕೆಯನ್ನು ಶಿವಕಾಂತ ಅನುವಾದಿಸಲಿಲ್ಲ, ಅದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ. ಮನೆಯಲ್ಲಿ ಹೇಗೆ? "ನಾನೂ ಅಂಜತೀನ್ರಿ ಅವಗ" ಎಂದು ಮುದುಕಿ ಸೆರಗು ಬಾಯಿಗಡ್ಡ ಹಿಡಿದು ನಕ್ಕಳು. ಮಗನ ಮೇಲಿನ ಮುದ್ದೆಲ್ಲ ಆ ನಗುವಿನಲ್ಲಿತ್ತು. ತಾಯಿಗೂ ಇವನೆಂದರೆ ಭಯ ಎಂದ ಶಿವಕಾಂತ.

ಮೇಡಂ ಪೆನ್ನು ನಿಲ್ಲಿಸಿದರು. ದಡ್ಡರಲ್ಲ ಅವರು, ಆ ನಗು ಅವರಿಗೂ ಕಂಡಿತ್ತು. ಮುದುಕಿಯ ಕಡೆ ಒಮ್ಮೆ, ಶಿವಕಾಂತನ ಕಡೆ ಒಮ್ಮೆ ನೋಡಿ, ಇವರು ತಮಾಷೆ ಮಾಡುತ್ತಿದ್ದಾರಾ, ನಿಮ್ಮ ಕಡೆಯ ತಾಯಂದಿರು ಮಗನ ಬಗ್ಗೆ ಹೀಗೆ ಹೇಳುವುದುಂಟಾ, ನಿಮಗೆ ಏನನ್ನಿಸುತ್ತದೆ ಎಂದು ಕೇಳಿದರು. ಅವನು ಎದುರು ನೋಡಿರದ ಪ್ರಶ್ನೆ. ಬಾಗಿಲು ಅಗಲವಾಗಿ ತೆರೆದಿತ್ತು. ಹೌದು ಮೇಡಂ, ಇವಳಿಗೆ ತಿಳಿದಿಲ್ಲ, ಹುಡುಗ ಹೂವಿನಂಥವನು ಎಂದರೆ ಮುಗಿಯುತ್ತಿತ್ತು, ಅವರು ನಂಬುತ್ತಿದ್ದರು, ನಂಬಲೆಂದೇ ಕೇಳಿದ್ದರು. ಚನಬಸವ್ವ ಏನೂ ತಿಳಿಯದೆ, ಮಾತು ಚೆನ್ನಾಗಿ ನಡೆದಿದೆ ಎಂಬ ಖುಷಿಯಲ್ಲಿ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಶಿವಕಾಂತನಿಗೆ ಧರ್ಮಣ್ಣನ ಆ ನೋಟ ನೆನಪಾಯಿತು, ಪೆಟ್ಟಾಯಿತೇ ಎಂದು ಕೇಳುವ ನೋಟ.

"ನನ್ನ ಅಭಿಪ್ರಾಯ ಹೇಳುವಂತಿಲ್ಲ ಮೇಡಂ" ಎಂದ. "ಹೇಳಿದ್ದನ್ನು ಹೇಳಿದಂತೆ, ಅಷ್ಟೇ."

ಮೇಡಂ ತಲೆಯಾಡಿಸಿ, ಅದೂ ಸರಿಯೇ ಎಂದು ಮುಂದೆ ಬರೆದರು. ಹೊರಡುವಾಗ ಮುದುಕಿ ಮೇಡಂಗೆ ಕುಂಕುಮವಿಟ್ಟು ರವಿಕೆ ಬಟ್ಟೆ ಕೊಟ್ಟಳು. ಜೀಪು ನಾಸಿಕ್ ಕಡೆಗೆ ತಿರುಗಿತು. ನಾನು ಒಂದಕ್ಷರ ಸುಳ್ಳು ಹೇಳಿಲ್ಲ ಎಂದು ಶಿವಕಾಂತ ಮತ್ತೆ ಮತ್ತೆ ಅಂದುಕೊಂಡ. ನಿಜ ಹೇಳಿಯೇ ಒಬ್ಬನನ್ನು ಮುಗಿಸಬಹುದೆಂದು ಅವನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು. ಅಸಹ್ಯವಾಯಿತು. ಕಜ್ಜಿ ತುರಿಸಿಕೊಂಡಂಥ ಸುಖವೂ ಆಯಿತು, ಅದನ್ನು ತನಗೆ ತಾನೇ ಒಪ್ಪಿಕೊಳ್ಳದಿರಲು ಅವನಿಗೆ ಆಗಲಿಲ್ಲ. ಮನೆಗೆ ಬಂದಾಗ ವಿಜಯಶ್ರೀ ಊಟಕ್ಕೆ ಬಡಿಸಿ, ಹೋದ ಕೆಲಸ ಆಯಿತೇ ಎಂದಳು. ಆಯಿತು ಎಂದ.

ಹನ್ನೊಂದು ದಿನಕ್ಕೆ ಆದೇಶ ಬಂತು. ಧರ್ಮಣ್ಣ ಕೆಂಪು. ಅವನನ್ನು ಠಾಣೆಯಿಂದ ತೆಗೆದು ಮುಖ್ಯ ಕಚೇರಿಯ ವಾಹನ ವಿಭಾಗಕ್ಕೆ ಹಾಕಿದರು. ಜೀಪು ತೊಳೆಯುವುದು, ಟೈರಿನ ಗಾಳಿ ನೋಡುವುದು. ಸಮವಸ್ತ್ರ ಹಾಕುವಂತಿಲ್ಲ. ಆರು ತಿಂಗಳ ಮೇಲೆ ಮತ್ತೊಂದು ಮನೆಭೇಟಿ. ಆಗ ಹಸಿರಾದರೆ ಠಾಣೆಗೆ ಮರಳುತ್ತಾನೆ, ಎರಡನೆಯ ಸಲವೂ ಕೆಂಪಾದರೆ ನೌಕರಿಯಿಂದಲೇ ತೆಗೆಯುವ ಕಾಗದ ಹೊರಡುತ್ತದೆ. ಅವನ ಬೆನ್ನ ಹಿಂದೆ ಜನ ಏನೇನೋ ಹೇಳತೊಡಗಿದರು. ತಾಯಿಯನ್ನೇ ಹೊಡೆಯುತ್ತಾನಂತೆ, ಮುದುಕಿ ಅಳುತ್ತ ಹೇಳಿದಳಂತೆ, ಪಾಪದಂತಿರುವವರನ್ನು ನಂಬಬಾರದು. ಶಿವಕಾಂತ ಕೇಳಿಯೂ ಕೇಳದವನಂತೆ ಮೇಜಿನ ಮೇಲಿನ ಕಾಗದ ಸರಿಸುತ್ತಿದ್ದ. ಕಿಟಕಿಯಿಂದ ಕೆಳಗೆ ನೋಡಿದರೆ ಪ್ಯಾಂಟು ಮಡಚಿ ಪೈಪು ಹಿಡಿದು ನಿಂತವನು ಕಾಣುತ್ತಿದ್ದ. ಅವನು ತಲೆಯೆತ್ತಿದರೆ ಇವನು ಹಿಂದೆ ಸರಿಯುತ್ತಿದ್ದ. ಐದನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಧರ್ಮಣ್ಣ ಒದ್ದೆ ಚಪ್ಪಲಿಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದ. ಕೈಯಲ್ಲಿ ವರದಿಯ ನಕಲು ಇತ್ತು. ಎರಡನೆಯ ಭೇಟಿಗೆ ಮುಂಚೆ ಎಲ್ಲರಿಗೂ ಒಂದು ಕೊಡುತ್ತಾರೆ.  ಬೈಯಲಿ, ಕೊರಳಪಟ್ಟಿ ಹಿಡಿಯಲಿ, ಆಗ ಆ ಬಣ್ಣ ನಿಜವಾಗುತ್ತದೆ, ಎಲ್ಲವೂ ಸರಿಹೋಗುತ್ತದೆ ಎಂದು ಶಿವಕಾಂತ ಆಸೆಯಿಂದ ಕಾದ.

"ಓದಿದೆ ಕಾಕಾ" ಎಂದ ಧರ್ಮಣ್ಣ. "ಅವ್ವ ಹ್ಯಾಂಗ ಮಾತಾಡ್ತಾಳೋ ಹಂಗೇ ಅದ. ನೀವು ಒಂದೂ ತಪ್ಪು ಮಾಡಿಲ್ಲ. ನಿಮಗ ಕಾಯ್ದೆ ಇತ್ತು, ನೀವರ ಏನ್ ಮಾಡ್ತಿದ್ರಿ."

ವ್ಯಂಗ್ಯವಿದೆಯೇ ಎಂದು ಶಿವಕಾಂತ ಹುಡುಕಿದ, ಇರಲಿಲ್ಲ. ಧರ್ಮಣ್ಣ ನಿಂತೇ ಹೇಳಿದ. ತಾಯಿಗೆ ಬಡ್ತಿಯಾಯಿತೆಂದೇ ಹೇಳಿದ್ದಾನೆ, ದೊಡ್ಡ ಕಚೇರಿಗೆ ಹಾಕಿದ್ದಾರೆಂದು. ಅವಳು ಓಣಿಗೆಲ್ಲ ಸಕ್ಕರೆ ಹಂಚಿದ್ದಾಳೆ. ಈಗ ಬಾಯಿಬಿಟ್ಟರೆ, ತನ್ನ ಮಾತಿನಿಂದಲೇ ಮಗ ಕೆಟ್ಟ ಎಂದು ತಿಳಿದರೆ, ಆ ಎದೆ ತಡೆಯುವುದಿಲ್ಲ, ಡಾಕ್ಟರು ಮೊದಲೇ ಎಚ್ಚರಿಸಿದ್ದಾರೆ. ತಾನು ಹೇಗೆ ಹೇಳಹೋದರೂ ಅವಳು ಮುಖ ನೋಡಿ ಹಿಡಿದುಬಿಡುತ್ತಾಳೆ. ಕಾಕಾ ಹೇಳಿದರೆ ಕೇಳುತ್ತಾಳೆ, ಕಾಕಾ ಎಂದರೆ ಅವಳಿಗೆ ದೇವರಷ್ಟು. "ಸುಳ್ಳು ಹೇಳ್ಸಬ್ಯಾಡ್ರಿ. ಮುಂದಿನ ಸಲ ಬಂದಾಗ ಖರೇ ಇದ್ದದ್ದು ಹೇಳು ಅನ್ರಿ, ಅಷ್ಟ ಸಾಕು. ನೀವು ಆ ಕಡಿ ಹೋದಾಗ ಒಂದು ಗಳಿಗಿ ಹೋಗಿ ಬರ್ರಿ." ಶಿವಕಾಂತ ಒಪ್ಪಿದ. ಒಪ್ಪಿದಾಗ ಅವನ ಕಣ್ಣಲ್ಲಿ ನೀರು ಬಂತು, ಅದು ನಟನೆಯಲ್ಲ. ಇದೊಂದು ಕೆಲಸ ಮಾಡಿಬಿಟ್ಟರೆ ಇಷ್ಟು ದಿನದ್ದೆಲ್ಲ ತೊಳೆದುಹೋಗುತ್ತದೆ ಎಂದು ಅವನು ಪೂರ್ತಿ ನಂಬಿದ.

ಆ ಭಾನುವಾರವೇ ಬಸ್ಸು ಹತ್ತಿದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡ. ಅವ್ವಾ, ಮಗ ಮೆತ್ತಗಿನವ ಅನ್ನಿರಿ, ಯಾರಿಗೂ ಕೈಯೆತ್ತಲ್ಲ ಅನ್ನಿರಿ, ಸಾಹೇಬರಿಗೆ ಈಗ ಅಂಥವರೇ ಬೇಕಂತೆ. ಇಷ್ಟೇ. ಚನಬಸವ್ವ ಅವನನ್ನು ಕಂಡು ಓಡಿಬಂದು ಕೈ ಹಿಡಿದಳು. ಬೇಡವೆಂದರೂ ಕೇಳದೆ ಜೋಳದ ರೊಟ್ಟಿ ತಟ್ಟಲು ಕುಳಿತಳು. ಶೇಂಗಾ ಹಿಂಡಿ, ಪುಂಡಿಪಲ್ಲೆ, ಗಟ್ಟಿ ಮೊಸರು. ರೊಟ್ಟಿ ತಟ್ಟುತ್ತಲೇ ಮಾತಾಡಿದಳು. ಧರ್ಮ ನಿಮ್ಮ ಬಗ್ಗೆ ಎಷ್ಟೊಂದು ಹೇಳುತ್ತಾನೆ, ಅವನು ಆ ಠಾಣೆಗೆ ಹೋದ ಹೊಸದರಲ್ಲಿ ನಮ್ಮ ಕಡೆಯ ಒಬ್ಬ ಮುದುಕ ಅನ್ಯಾಯವಾಯಿತೆಂದು ಬಂದಾಗ ನೀವೇ ನೀರು ಕೊಟ್ಟು ಕೂರಿಸಿದಿರಂತೆ, ಅವನ ದೂರು ಬರೆಸಿದಿರಂತೆ, ನಿಮ್ಮನ್ನು ನೋಡಿಯೇ ನೌಕರಿ ಕಲಿತನಂತೆ. ಶಿವಕಾಂತನ ಬಾಯೊಳಗಿನ ತುತ್ತು ಅಲ್ಲೇ ನಿಂತಿತು. ಮುಚ್ಚಿಟ್ಟದ್ದು ಮಾತ್ರವಲ್ಲ, ಹುಡುಗ ಅದನ್ನು ತಿರುಗಿಸಿ, ತನ್ನದನ್ನು ತೆಗೆದು ಇವನ ಮೈಮೇಲೆ ಹೊದಿಸಿದ್ದ. ಹೇಳಲು ಬಂದ ಮಾತನ್ನು ಹೇಳಿದರೆ ಹುಡುಗ ಠಾಣೆಗೆ ಮರಳುತ್ತಾನೆ. ಸಮವಸ್ತ್ರ ಹಾಕಿಕೊಂಡು ಸಹಿಗೆಂದು ಕಚೇರಿಗೆ ಬರುತ್ತಾನೆ. ನಮಸ್ಕಾರ್ರಿ ಕಾಕಾ ಎನ್ನುತ್ತಾನೆ. ನಿವೃತ್ತಿಗೆ ಇನ್ನೂ ಏಳು ವರ್ಷ. ಆ ಏಳು ವರ್ಷವೂ, ಆಮೇಲೂ, ಆ ಕ್ಷಮೆಯ ಕೆಳಗೆ ಬಗ್ಗಿ ನಡೆಯಬೇಕು. ಹೊಡೆಸಿಕೊಂಡ ಮುದುಕನಾದರೂ ಮರೆತಿರಬಹುದು, ಸತ್ತಿರಬಹುದು. ಇವನು ಮರೆಯುವುದಿಲ್ಲ, ಮರೆಯದೆ ಪ್ರೀತಿಸುತ್ತಾನೆ. ಶಿವಕಾಂತನಿಗೆ ಹುಡುಗನ ಮೇಲೆ ಬಂದ ದ್ವೇಷ ಎಷ್ಟಿತ್ತೆಂದರೆ ಅವನ ಕೈ ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿಯಿತು.

ಚನಬಸವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ, ಆ ಹೆಣ್ಣು ಸಾಹೇಬರು ಮತ್ತೆ ಬರುತ್ತಾರೆಂದು ಮಗ ಹೇಳಿದ, ಇನ್ನೊಂದು ಬಡ್ತಿ ಇರಬೇಕು, ಈ ಸಲ ಏನು ಹೇಳಲಿ, ನೀವೇ ಕಲಿಸಿಕೊಡಿ ಎಂದಳು. ಶಿವಕಾಂತ ಲೋಟದ ನೀರನ್ನೆಲ್ಲ ಕುಡಿದ.

"ಹೋದ ಸಲ ಹೇಳಿದ್ದೇ ಹೇಳ್ರಿ ಅವ್ವಾ" ಎಂದ. "ಸಾಹೇಬ್ರಿಗಿ ಭಾಳ ಸೇರಿತ್ತು. ಖರೇ ಅಂದ್ರ, ಸ್ವಲ್ಪ ಕಡಿಮಿ ಆತು. ನಿಮಗ ಹೊಡದಿದ್ದು ಹೇಳಲಿಲ್ಲ ನೀವು."

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಅವ ನನಗೆ ಎಂದೂ ಹೊಡೆದಿಲ್ಲವಲ್ಲ ಎಂದಳು, ಅನುಮಾನದಿಂದಲ್ಲ, ಬಾರದ ಪಾಠದ ಮುಂದೆ ಕುಳಿತ ಮಗುವಿನಂತೆ. ಗೊತ್ತು ಅವ್ವಾ ಎಂದ ಶಿವಕಾಂತ. ತಾಯಿ ಎಂದು ಕೂಡ ನೋಡದವನು, ಅಷ್ಟು ಖಡಕ್ ಎಂದು ತೋರಿಸಲಿಕ್ಕೆ ಹೇಳಬೇಕು, ಎಲ್ಲ ದೊಡ್ಡ ಪೊಲೀಸರ ತಾಯಂದಿರೂ ಹಾಗೇ ಹೇಳುತ್ತಾರೆ. ಮಗನಿಗೆ ಇದು ತಿಳಿಯಬಾರದು, ತಿಳಿದರೆ ನಾಚಿಕೆಯಿಂದ ಬೇಡ ಎನ್ನುತ್ತಾನೆ, ಅವನ ಸ್ವಭಾವ ನಿಮಗೆ ಗೊತ್ತಲ್ಲ.  ಅಷ್ಟು ದೊಡ್ಡ ಸುಳ್ಳು ಆ ಮುಖದ ಮೇಲೆ ಕಷ್ಟಪಟ್ಟು ಹತ್ತುವುದು ಕಾಣುತ್ತಿತ್ತು. ಆಮೇಲೆ ಮಗನ ಸಲುವಾಗಿ ಅದನ್ನೂ ಒಪ್ಪಿಕೊಂಡಳು. ಹಿಟ್ಟಿನ ಕೈಯನ್ನು ಕೆನ್ನೆಯ ಹತ್ತಿರ ತಂದು, "ಇಲ್ಲಿ ಹೊಡದಾನ್ರಿ" ಎಂದು ಅಂದು ನೋಡಿದಳು. ದನಿ ಸರಿಬರಲಿಲ್ಲ, ನಗು ಬಂತು. ನಗಬಾರದು ಎಂದು ಶಿವಕಾಂತ ತಿದ್ದಿದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ನಗದೆ, ಇನ್ನೊಮ್ಮೆ ಹೇಳಿದಳು. ಈ ಸಲ ಎಷ್ಟು ಚೆನ್ನಾಗಿ ಬಂತೆಂದರೆ ಅವನಿಗೇ ನಿಜವೆನ್ನಿಸಿತು.

"ಬರೋಬರ್ ಆತೇನ್ರಿ?" ಎಂದಳು ಚನಬಸವ್ವ.

ಬರೋಬರ್ ಆಯಿತು ಎಂದು ಶಿವಕಾಂತ ಇನ್ನೊಂದು ರೊಟ್ಟಿಗೆ ತಟ್ಟೆ ಚಾಚಿದ.